ಡಿಎನ್‌ಎಸ್ ಬದಲಾವಣೆ: ಹೊಸದು ಹರಡುವುದಿಲ್ಲ, ಹಳತರ ಅವಧಿ ಮುಗಿಯುತ್ತದೆ

ಸೈಟಿನ ಹೆಸರು (ಡೊಮೇನ್) ಕೊಟ್ಟರೆ ಅದರ ಸರ್ವರಿನ ಐಪಿ ವಿಳಾಸ ಹೇಳುವ ವ್ಯವಸ್ಥೆ ಡಿಎನ್‌ಎಸ್. ಅದರಲ್ಲಿ ಡೊಮೇನಿನ ಐಪಿ ವಿಳಾಸ ಬದಲಿಸಿ ಸೇವ್ ಒತ್ತಿದ ಕೂಡಲೇ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ: 'ಈ ಬದಲಾವಣೆ ಇಂಟರ್‌ನೆಟ್ಟಿನಲ್ಲೆಲ್ಲ ಹರಡಲು 24ರಿಂದ 48 ಗಂಟೆ ಬೇಕಾಗಬಹುದು.' ಅದನ್ನು ನಂಬಿ ಎರಡು ದಿನ ಕೈಕಟ್ಟಿ ಕೂತವರು ಬಹಳ ಜನ. ನಾನೂ ಕೂತಿದ್ದೇನೆ. ಫೋನಿನಲ್ಲಿ ಹೊಸ ಸೈಟು, ಲ್ಯಾಪ್‌ಟಾಪಿನಲ್ಲಿ ಹಳೆಯದು, ಗೆಳೆಯನ ಮನೆಯಲ್ಲಿ ಮತ್ತೊಂದು. ಐದೈದು ನಿಮಿಷಕ್ಕೆ ರಿಫ್ರೆಶ್ ಒತ್ತಿ ಒತ್ತಿ ಬೆರಳು ಸವೆದದ್ದಷ್ಟೇ ಲಾಭ.

ಆ ಸಾಲಿನಲ್ಲಿರುವ 'ಹರಡು' ಎಂಬ ಮಾತೇ ದಾರಿ ತಪ್ಪಿಸುತ್ತದೆ. ಸೇವ್ ಒತ್ತಿದಾಗ ಯಾವುದೂ ಎಲ್ಲಿಗೂ ಹೊರಡುವುದಿಲ್ಲ. ಹೊಸ ವಿಳಾಸ ನಿಮ್ಮ ನೇಮ್‌ಸರ್ವರಿನಲ್ಲಿ, ಅಂದರೆ ನಿಮ್ಮ ಡೊಮೇನಿನ ವಿವರಗಳನ್ನು ಇಟ್ಟುಕೊಂಡಿರುವ ಸರ್ವರಿನಲ್ಲಿ, ಹೋಗಿ ಕೂರುತ್ತದೆ, ಅಷ್ಟೇ. ಯಾರಾದರೂ ಬಂದು ಕೇಳಿದರೆ ಹೇಳುತ್ತದೆ, ಕೇಳದಿದ್ದರೆ ಸುಮ್ಮನಿರುತ್ತದೆ. ತೊಂದರೆ ಕೇಳುವವರ ಕಡೆಯಿದೆ, ಅಂದರೆ ಓದುಗರ ಪರವಾಗಿ ವಿಳಾಸ ವಿಚಾರಿಸುವ 'ರಿಸಾಲ್ವರ್' ಎಂಬ ಸರ್ವರುಗಳ ಕಡೆ. ಅವರು ಮೊದಲೊಮ್ಮೆ ಕೇಳಿಕೊಂಡು ಹೋದ ಉತ್ತರವನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಅದರ ಅವಧಿ ಮುಗಿಯುವ ತನಕ ಮತ್ತೆ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಆ ಅವಧಿಯನ್ನು ಬರೆದುಕೊಟ್ಟವರು ನೀವೇ. ನೇಮ್‌ಸರ್ವರಿನಲ್ಲಿರುವ ಪ್ರತಿ ರೆಕಾರ್ಡಿನ (ನಮೂದಿನ) ಪಕ್ಕದಲ್ಲೂ ಟಿಟಿಎಲ್ ಎಂಬ ಒಂದು ಅಂಕಿ ಇರುತ್ತದಲ್ಲ, ಅದೇ. ಈ ಉತ್ತರವನ್ನು ಎಷ್ಟು ಸೆಕೆಂಡು ನಂಬಬಹುದು ಎಂದು ಅದು ಹೇಳುತ್ತದೆ.

ನಿಜವಾಗಿ 'ಹರಡುತ್ತಿದ್ದ' ಕಾಲವೊಂದಿತ್ತು. ಡಿಎನ್‌ಎಸ್ ಹುಟ್ಟುವ ಮೊದಲು ನೆಟ್‌ವರ್ಕಿನ ಎಲ್ಲ ಯಂತ್ರಗಳ ಹೆಸರು, ವಿಳಾಸ ಒಂದೇ ಕಡತದಲ್ಲಿದ್ದವು. ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಅದನ್ನು ನೋಡಿಕೊಳ್ಳುತ್ತಿತ್ತು, ಉಳಿದವರು ಆಗಾಗ ಅದರ ಪ್ರತಿ ತಂದುಕೊಳ್ಳಬೇಕಿತ್ತು. ಆ ಗೋಜು ತಪ್ಪಿಸಲೆಂದೇ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. 1987ರಲ್ಲಿ ಬಂದ ಆರ್‌ಎಫ್‌ಸಿ 1034 ಮತ್ತು 1035 ಎಂಬ ಇಂಟರ್‌ನೆಟ್ ನಿಯಮಗಳ ದಾಖಲೆಗಳು ಇವತ್ತಿಗೂ ಅದರ ಬುನಾದಿ. ಹಂಚುವುದನ್ನು ಬಿಟ್ಟು ಕೇಳಿ ತಿಳಿದುಕೊಳ್ಳುವುದು, ತಿಳಿದದ್ದನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುವುದು, ಇದು ಅದರ ಸೂತ್ರ. ಆ ನೆನಪಿಗೆ ಕ್ಯಾಶ್ ಎನ್ನುತ್ತಾರೆ (ದುಡ್ಡಿನ ಕ್ಯಾಶ್ ಅಲ್ಲ, ಆದರೆ ಕೂಡಿಟ್ಟುಕೊಳ್ಳುವ ಚಾಳಿ ಎರಡಕ್ಕೂ ಒಂದೇ).

ಇಷ್ಟು ಅರ್ಥವಾದರೆ, ಕಾಯುವ ಹೊತ್ತನ್ನು ಬದಲಾವಣೆಯ ನಂತರದಿಂದ ಬದಲಾವಣೆಯ ಮೊದಲಿಗೆ ಸರಿಸಿಕೊಳ್ಳಬಹುದು ಎಂಬುದೂ ಹೊಳೆಯುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಹೆಜ್ಜೆ 1: ಈಗಿನ ಟಿಟಿಎಲ್ ಎಷ್ಟಿದೆ ನೋಡಿ

ಲಿನಕ್ಸ್, ಮ್ಯಾಕ್ ಎರಡರಲ್ಲೂ ಇದಕ್ಕೆ 'ಡಿಗ್' ಎಂಬ ಆಜ್ಞೆ ಬಳಸುತ್ತಾರೆ. ವಿಂಡೋಸ್‌ನಲ್ಲಿ 'ಎನ್‌ಎಸ್‌ಲುಕಪ್' ಇದೆ. ಡಿಗ್ ಎಂದು ಬರೆದು, ಜಾಗ ಬಿಟ್ಟು, @ ಚಿಹ್ನೆಗೆ ಅಂಟಿಸಿ ನಿಮ್ಮ ನೇಮ್‌ಸರ್ವರಿನ ಹೆಸರು, ನಂತರ ಡೊಮೇನಿನ ಹೆಸರು, ಕೊನೆಗೆ ರೆಕಾರ್ಡಿನ ಬಗೆ (ಐಪಿ ವಿಳಾಸಕ್ಕಾದರೆ A) ಬರೆದು ಎಂಟರ್ ಒತ್ತಿ. ಉತ್ತರದ ಸಾಲಿನಲ್ಲಿ ಹೆಸರಿನ ಪಕ್ಕ ಕಾಣುವ ಅಂಕಿಯೇ ಟಿಟಿಎಲ್. 300 ಎಂದರೆ ಐದು ನಿಮಿಷ, 3600 ಎಂದರೆ ಒಂದು ಗಂಟೆ, 86400 ಎಂದರೆ ಒಂದು ದಿನ.

ಎರಡನೆಯ ಭಾಗ, ಅಂದರೆ @ ಹಾಕಿ ನೇಮ್‌ಸರ್ವರಿಗೇ ಕೇಳುವುದು, ಮುಖ್ಯ. ಅದನ್ನು ಬಿಟ್ಟರೆ ನಡುವಿನ ರಿಸಾಲ್ವರ್ ಉತ್ತರ ಕೊಡುತ್ತದೆ. ಅದು ತೋರಿಸುವುದು ಉಳಿದಿರುವ ಸೆಕೆಂಡುಗಳನ್ನು, ಇಳಿಯುತ್ತಾ ಹೋಗುವ ಅಂಕಿಯನ್ನು. ನಮಗೆ ಬೇಕಾದದ್ದು ಪೂರ್ತಿ ಅವಧಿ. ನೇಮ್‌ಸರ್ವರೇ ಉತ್ತರಿಸಿದ್ದರೆ ಡಿಗ್‌ನ ಫ್ಲ್ಯಾಗ್‌ಗಳ ಸಾಲಿನಲ್ಲಿ 'ಎಎ' ಎಂಬ ಗುರುತಿರುತ್ತದೆ. ಅಧಿಕೃತ ಉತ್ತರ ಎಂಬುದರ ಮುದ್ರೆ ಅದು.

ಹೆಜ್ಜೆ 2: ಟಿಟಿಎಲ್ ಇಳಿಸಿ, ಹಳೆಯ ಟಿಟಿಎಲ್‌ನಷ್ಟು ಹೊತ್ತು ಕಾಯಿರಿ

ಹೆಚ್ಚಿನವರು ಎಡವುವುದು ಇಲ್ಲಿ. ಟಿಟಿಎಲ್ ಅನ್ನು 300ಕ್ಕೆ ಇಳಿಸುತ್ತಾರೆ, ಅದೇ ಕ್ಷಣ ಐಪಿಯನ್ನೂ ಬದಲಿಸುತ್ತಾರೆ, 'ಐದು ನಿಮಿಷದಲ್ಲಿ ಮುಗಿಯಬೇಕಿತ್ತಲ್ಲ' ಎಂದು ಗೊಣಗುತ್ತಾರೆ. ಈಗಾಗಲೇ ಉತ್ತರ ಒಯ್ದವರ ಜೇಬಿನಲ್ಲಿರುವುದು ಹಳೆಯ ಅವಧಿಯ ಚೀಟಿ. ನೀವು ಇಲ್ಲಿ ಅಂಕಿ ತಿದ್ದಿದರೆ ಅಲ್ಲಿನ ಚೀಟಿ ತಿದ್ದುಪಡಿಯಾಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಈಗಿನ ಟಿಟಿಎಲ್ 86400. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅದನ್ನು 300 ಮಾಡಿದಿರಿ. ಹತ್ತಕ್ಕೆ ಒಂದು ನಿಮಿಷ ಇರುವಾಗ ಯಾರೋ ಕೇಳಿಕೊಂಡು ಹೋಗಿದ್ದಾರೆ ಎಂದುಕೊಳ್ಳಿ. ಅವರ ಚೀಟಿ ಮಂಗಳವಾರ ಒಂಬತ್ತು ಗಂಟೆ ಐವತ್ತೊಂಬತ್ತು ನಿಮಿಷದ ತನಕ ನಡೆಯುತ್ತದೆ. ಹತ್ತರ ನಂತರ ಕೇಳಿದವರೆಲ್ಲರಿಗೂ ಸಿಕ್ಕಿದ್ದು ಐದು ನಿಮಿಷದ ಚೀಟಿ. ಹಾಗಾಗಿ ಐಪಿ ಬದಲಿಸಲು ಮಂಗಳವಾರ ಹತ್ತು ಗಂಟೆಯ ನಂತರ ಯಾವ ಹೊತ್ತಾದರೂ ಆದೀತು. ಆಗ ಬದಲಿಸಿದರೆ, ನಿಯಮ ಪಾಲಿಸುವ ಪ್ರತಿ ರಿಸಾಲ್ವರೂ ಐದು ನಿಮಿಷದೊಳಗೆ ಹೊಸದನ್ನು ಕೇಳಲು ಬಂದೇ ಬರುತ್ತದೆ. ನಾನು ಸಾಮಾನ್ಯವಾಗಿ ಎರಡು ದಿನ ಮೊದಲೇ ಇಳಿಸಿಬಿಡುತ್ತೇನೆ. ಲೆಕ್ಕ ತಪ್ಪಿದರೂ ಹೊಟ್ಟೆ ತಣ್ಣಗಿರುತ್ತದೆ.

ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಕೈತೋರಿಸುವ ಸಿನೇಮ್ ರೆಕಾರ್ಡ್ ಇದ್ದರೆ ಸರಪಳಿಯ ಪ್ರತಿ ಕೊಂಡಿಗೂ ಅದರದೇ ಟಿಟಿಎಲ್ ಇರುತ್ತದೆ ಎಂಬುದು ನೆನಪಿರಲಿ. ಒಂದನ್ನು ಇಳಿಸಿ ಇನ್ನೊಂದನ್ನು ಮರೆತರೆ ಉದ್ದದ್ದೇ ನಿಮ್ಮನ್ನು ಕಾಯಿಸುತ್ತದೆ.

ಹೆಜ್ಜೆ 3: ಹೊಸ ಸರ್ವರನ್ನು ಮೊದಲೇ ಒಬ್ಬರೇ ಹೊಕ್ಕು ನೋಡಿ

ಟಿಟಿಎಲ್ ಆರುವ ತನಕ ಕೈ ಖಾಲಿ ಬಿಡಬೇಕಿಲ್ಲ. ನಿಮ್ಮ ಕಂಪ್ಯೂಟರಿನ 'ಹೋಸ್ಟ್ಸ್' ಕಡತದಲ್ಲಿ ಹೊಸ ಐಪಿ ಮತ್ತು ಡೊಮೇನಿನ ಹೆಸರನ್ನು ಒಂದು ಸಾಲಿನಲ್ಲಿ ಬರೆದರೆ, ನಿಮಗೊಬ್ಬರಿಗೆ ಮಾತ್ರ ಸೈಟು ಹೊಸ ಸರ್ವರಿನಿಂದ ತೆರೆಯುತ್ತದೆ. ಉಳಿದ ಜಗತ್ತಿಗೆ ಹಳೆಯದೇ. ಲಾಗಿನ್, ಫಾರ್ಮ್, ಚಿತ್ರಗಳು ಎಲ್ಲವನ್ನೂ ಹೀಗೆ ಪರೀಕ್ಷಿಸಿ. ಮುಗಿದ ಮೇಲೆ ಆ ಸಾಲನ್ನು ಅಳಿಸಿ. ಅಳಿಸಲು ಮರೆತು, ಆರು ತಿಂಗಳ ಮೇಲೆ ಮತ್ತೊಮ್ಮೆ ಸರ್ವರ್ ಬದಲಿಸಿದಾಗ ಇಡೀ ದಿನ ಡಿಎನ್‌ಎಸ್ ಅನ್ನು ಶಪಿಸಿದ ಅನುಭವ ನನಗಿದೆ. ತಪ್ಪು ನನ್ನದೇ ಕಡತದಲ್ಲಿತ್ತು.

ಎಚ್‌ಟಿಟಿಪಿಎಸ್ ಪ್ರಮಾಣಪತ್ರದ ವಿಷಯವನ್ನೂ ಈಗಲೇ ಮುಗಿಸಿ. ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆಗಳು ಡೊಮೇನ್ ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಲು ಸಾಮಾನ್ಯವಾಗಿ ಸೈಟಿಗೇ ಬಂದು ನೋಡುತ್ತವೆ. ಐಪಿ ಇನ್ನೂ ಹಳೆಯದಾದ್ದರಿಂದ ಬರುವುದು ಹಳೆಯ ಸರ್ವರಿಗೆ. ಟಿಎಕ್ಸ್‌ಟಿ ರೆಕಾರ್ಡಿನ (ಡಿಎನ್‌ಎಸ್‌ನಲ್ಲಿ ಬರೀ ಪಠ್ಯ ಬರೆದಿಡುವ ರೆಕಾರ್ಡ್) ಮೂಲಕ ಖಾತ್ರಿಪಡಿಸುವ ವಿಧಾನ ಬಳಸಿ, ಇಲ್ಲವೇ ಹಳೆಯ ಸರ್ವರಿನ ಪ್ರಮಾಣಪತ್ರವನ್ನು ಕೀಲಿಯ ಸಮೇತ ನಕಲು ಮಾಡಿಟ್ಟುಕೊಳ್ಳಿ. ಇದನ್ನು ಬಿಟ್ಟರೆ ಹೊಸ ಸೈಟಿಗೆ ಮೊದಲು ಬಂದವರನ್ನು ಬ್ರೌಸರಿನ ಎಚ್ಚರಿಕೆಯ ಪುಟ ಸ್ವಾಗತಿಸುತ್ತದೆ.

ಹೆಜ್ಜೆ 4: ಬದಲಿಸಿ, ಮೊದಲು ನೇಮ್‌ಸರ್ವರನ್ನೇ ವಿಚಾರಿಸಿ

ಬದಲಿಸಿದ ಮೇಲೆ ಬ್ರೌಸರಿಗೆ ಓಡಬೇಡಿ. ಹೆಜ್ಜೆ 1ರ ಹಾಗೆ ಡಿಗ್‌ನಿಂದ ನಿಮ್ಮ ಪ್ರತಿಯೊಂದು ನೇಮ್‌ಸರ್ವರನ್ನೂ ಒಂದೊಂದಾಗಿ ಕೇಳಿ. ಎಲ್ಲವೂ ಹೊಸ ಐಪಿ ಹೇಳಿದರೆ ನಿಮ್ಮ ಕೆಲಸ ಸರಿಯಾಗಿದೆ, ಉಳಿದದ್ದು ಗಡಿಯಾರದ ಕೆಲಸ. ಒಂದು ಹೊಸದು, ಇನ್ನೊಂದು ಹಳೆಯದು ಹೇಳಿದರೆ ಅದು ಕ್ಯಾಶಿನ ಸಮಸ್ಯೆಯೇ ಅಲ್ಲ. ಎಷ್ಟು ದಿನ ಕಾದರೂ ಸರಿಹೋಗದಿರಬಹುದು.

ಸ್ವಂತ ನೇಮ್‌ಸರ್ವರ್ ನಡೆಸುವವರಲ್ಲಿ ಇದಕ್ಕೆ ಮಾಮೂಲಿ ಕಾರಣ, ಎಸ್‌ಒಎ ರೆಕಾರ್ಡಿನ (ಡೊಮೇನಿನ ಮೂಲ ವಿವರ ಇರುವ ರೆಕಾರ್ಡ್) ಸೀರಿಯಲ್ ಸಂಖ್ಯೆ ಏರಿಸಲು ಮರೆತದ್ದು. ಉಪ ಸರ್ವರ್‌ಗಳು ಮುಖ್ಯ ಸರ್ವರಿನ ಸೀರಿಯಲ್ ನೋಡಿ, ತಮ್ಮದಕ್ಕಿಂತ ದೊಡ್ಡದಿದ್ದರೆ ಮಾತ್ರ ಹೊಸ ಪ್ರತಿ ತರಿಸಿಕೊಳ್ಳುತ್ತವೆ. ಜೋನ್ ಕಡತವನ್ನು, ಅಂದರೆ ಡೊಮೇನಿನ ರೆಕಾರ್ಡುಗಳೆಲ್ಲ ಇರುವ ಕಡತವನ್ನು, ಕೈಯಾರೆ ಬರೆಯುವವರ ಇನ್ನೊಂದು ಪೀಡೆ ಹೆಸರಿನ ಕೊನೆಯ ಚುಕ್ಕಿ. ಅದಿಲ್ಲದಿದ್ದರೆ ಪೂರ್ತಿ ಹೆಸರಿನ ಕೊನೆಗೆ ಡೊಮೇನಿನ ಹೆಸರು ಮತ್ತೊಮ್ಮೆ ಅಂಟಿಕೊಂಡು, ಇಲ್ಲದ ಊರಿಗೆ ದಾರಿ ತೋರಿಸುತ್ತದೆ. ನಿಯಂತ್ರಣ ಫಲಕದಲ್ಲಿ ಕೆಲಸ ಮಾಡುವವರಿಗೆ ಇವೆರಡರ ಚಿಂತೆಯೂ ಕಡಿಮೆ.

ಎಲ್ಲರೂ ನೋಡಬೇಕಾದದ್ದು ಎಎಎಎ ರೆಕಾರ್ಡ್, ಅಂದರೆ ಐಪಿವಿ6 ವಿಳಾಸ. ಹಳೆಯ ಬಗೆಯ (ಐಪಿವಿ4) ವಿಳಾಸವಿರುವ ಎ ರೆಕಾರ್ಡ್ ಬದಲಿಸಿ ಇದನ್ನು ಹಾಗೇ ಬಿಟ್ಟರೆ, ಐಪಿವಿ6 ಇರುವ ಸಂಪರ್ಕದವರು ಹಳೆಯ ಸರ್ವರಿಗೇ ಹೋಗುತ್ತಿರುತ್ತಾರೆ. ಹೊರಗಿನಿಂದ ನೋಡಿದರೆ ಥೇಟ್ 'ಇನ್ನೂ ಹರಡಿಲ್ಲ' ಎಂಬಂತೆಯೇ ಕಾಣುತ್ತದೆ: ಕೆಲವರಿಗೆ ಹೊಸದು, ಕೆಲವರಿಗೆ ಹಳೆಯದು. ವಾರ ಕಳೆದರೂ ಹಾಗೇ ಇದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಹೆಜ್ಜೆ 5: ನಡುವಿನ ರಿಸಾಲ್ವರ್‌ಗಳನ್ನು ಕೇಳಿ

ಈಗ ಡಿಗ್‌ನ @ ಮುಂದೆ ಸಾರ್ವಜನಿಕ ರಿಸಾಲ್ವರ್‌ಗಳನ್ನು ಹಾಕಿ. ಗೂಗಲ್‌ನದು 8.8.8.8, ಕ್ಲೌಡ್‌ಫ್ಲೇರ್‌ನದು 1.1.1.1, ಕ್ವಾಡ್9ನದು 9.9.9.9. ಹಳೆಯ ಐಪಿ ಬಂದರೆ ಪಕ್ಕದ ಅಂಕಿ ನೋಡಿ. 140 ಎಂದಿದ್ದರೆ ಆ ಕ್ಯಾಶಿನಲ್ಲಿ ಹಳೆಯ ಉತ್ತರಕ್ಕೆ ಇನ್ನು 140 ಸೆಕೆಂಡು ಆಯಸ್ಸು. ಊಹೆಯ ಮಾತಿಲ್ಲ, ಎಷ್ಟು ಕಾಯಬೇಕೆಂದು ಅದೇ ಹೇಳುತ್ತದೆ.

ಇಲ್ಲೊಂದು ವಿಚಿತ್ರ ಕಾಣಬಹುದು. ಒಮ್ಮೆ ಕೇಳಿದಾಗ ಹೊಸ ಐಪಿ, ಮರುಕ್ಷಣ ಕೇಳಿದಾಗ ಮತ್ತೆ ಹಳೆಯದು. ಅಂಕಿ 140ರಿಂದ 290ಕ್ಕೆ ಜಿಗಿದು ಮತ್ತೆ 35ಕ್ಕೆ ಇಳಿಯುತ್ತದೆ. ರೆಕಾರ್ಡ್ ಹಿಂದೆ ಸರಿಯಿತೇನೋ ಎಂದು ಗಾಬರಿಯಾಗಬೇಡಿ. 8.8.8.8 ಎಂಬುದು ಒಂದು ಯಂತ್ರವಲ್ಲ. ಒಂದೇ ವಿಳಾಸದ ಹಿಂದೆ ಜಗತ್ತಿನ ನಾನಾ ಕಡೆ ಬಹಳಷ್ಟು ಯಂತ್ರಗಳಿವೆ, ಒಂದೇ ಜಾಗದಲ್ಲೂ ಹಲವು ಕ್ಯಾಶ್‌ಗಳಿವೆ. ನಿಮ್ಮ ಒಂದೊಂದು ಪ್ರಶ್ನೆ ಒಂದೊಂದರ ಪಾಲಿಗೆ ಬಿದ್ದಿದೆ, ಒಂದೊಂದರ ಗಡಿಯಾರವೂ ಬೇರೆ. ತಡೆಯಲಾರದವರಿಗೆ ಗೂಗಲ್, ಕ್ಲೌಡ್‌ಫ್ಲೇರ್ ಎರಡೂ ತಮ್ಮ ಸಾರ್ವಜನಿಕ ರಿಸಾಲ್ವರಿನ ಕ್ಯಾಶಿನಿಂದ ಒಂದು ಹೆಸರನ್ನು ತೆಗೆಸಿಹಾಕುವ ಪುಟ ಇಟ್ಟಿವೆ. ಯಾರು ಬೇಕಾದರೂ ಬಳಸಬಹುದು.

ಭೂಪಟದ ಮೇಲೆ ಹಸಿರು, ಕೆಂಪು ಗುರುತು ತೋರಿಸುವ ಸೈಟುಗಳು ಹೇಗೆ? ನೋಡಲು ಚೆಂದ. ಆದರೆ ಅವು ಒಂದೊಂದು ದೇಶದಲ್ಲಿ ಒಂದೋ ಎರಡೋ ರಿಸಾಲ್ವರನ್ನು ಕೇಳುತ್ತವೆ. ನಿಮ್ಮ ಓದುಗರು ಅವನ್ನೇ ಬಳಸುತ್ತಾರೆಂಬ ಖಾತ್ರಿಯಿಲ್ಲ. ನಾನು ಅವನ್ನು ಗ್ರಾಹಕರಿಗೆ ಸಮಾಧಾನ ಹೇಳಲು ಬಳಸುತ್ತೇನೆ, ರೋಗ ಪತ್ತೆಗೆ ಅಲ್ಲ.

ಹೆಜ್ಜೆ 6: ನಿಮ್ಮದೇ ಯಂತ್ರದ ಕ್ಯಾಶ್

ರಿಸಾಲ್ವರ್ ಹೊಸದು ಹೇಳುತ್ತದೆ, ಬ್ರೌಸರ್ ಮಾತ್ರ ಹಳೆಯದು ತೋರಿಸುತ್ತದೆ ಎಂದರೆ ಉತ್ತರ ನಿಮ್ಮ ಮೇಜಿನ ಮೇಲೆಯೇ ಸಿಕ್ಕಿಕೊಂಡಿದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್‌ಫಿಗ್' ಆಜ್ಞೆಗೆ 'ಫ್ಲಶ್‌ಡಿಎನ್‌ಎಸ್' ಆಯ್ಕೆ ಕೊಡಿ. ಸಿಸ್ಟಮ್‌ಡಿ ಇರುವ ಲಿನಕ್ಸ್‌ನಲ್ಲಿ 'ರಿಸಾಲ್ವ್‌ಸಿಟಿಎಲ್'ಗೂ ಅಂಥದ್ದೇ ಆಯ್ಕೆಯಿದೆ. ಕ್ರೋಮ್‌ಗೆ ತನ್ನದೇ ಪ್ರತ್ಯೇಕ ಕ್ಯಾಶ್ ಇದೆ; ಮುಚ್ಚಿ ತೆರೆದರೆ ಸಾಕು. ಬ್ರೌಸರಿನಲ್ಲಿ 'ಸುರಕ್ಷಿತ ಡಿಎನ್‌ಎಸ್' ಚಾಲೂ ಇದ್ದರೆ ಅದು ಕಂಪ್ಯೂಟರಿನ ರಿಸಾಲ್ವರನ್ನು ಬದಿಗಿಟ್ಟು ತನಗೆ ಬೇಕಾದ್ದನ್ನು ಕೇಳುತ್ತಿರಬಹುದು. ಡಿಗ್ ಒಂದು, ಬ್ರೌಸರ್ ಒಂದು ಹೇಳುವುದಕ್ಕೆ ಇದೂ ಕಾರಣ. ಮನೆಯ ರೂಟರ್ ಕೂಡ ಉತ್ತರ ಕೂಡಿಟ್ಟುಕೊಳ್ಳುವುದುಂಟು. ಆರಿಸಿ ಹಚ್ಚಿ.

ನೇಮ್‌ಸರ್ವರನ್ನೇ ಬದಲಿಸುವಾಗ

ಇಷ್ಟು ಹೊತ್ತು ಹೇಳಿದ್ದು ಜೋನ್ ಒಳಗಿನ ರೆಕಾರ್ಡಿನ ಮಾತು. ನೇಮ್‌ಸರ್ವರುಗಳನ್ನೇ ಬೇರೆ ಕಡೆ ಒಯ್ಯುವುದಾದರೆ ಆಟ ಬೇರೆ. ಈ ಡೊಮೇನಿಗೆ ಯಾವ ನೇಮ್‌ಸರ್ವರ್ ಎಂಬ ಮಾಹಿತಿ ಮೇಲಿನವರ ಬಳಿ, ಅಂದರೆ ಡಾಟ್‌ಕಾಮ್‌ನಂಥ ರಿಜಿಸ್ಟ್ರಿಯ ಬಳಿ ಇರುತ್ತದೆ. ಡಾಟ್‌ಕಾಮ್‌ನಲ್ಲಿ ಆ ಎನ್‌ಎಸ್ ರೆಕಾರ್ಡಿನ ಟಿಟಿಎಲ್ 172800 ಸೆಕೆಂಡು. ಭಾಗಿಸಿ ನೋಡಿದರೆ ಸರಿಯಾಗಿ 48 ಗಂಟೆ! ಅದನ್ನು ಇಳಿಸುವ ಅಧಿಕಾರ ನಿಮಗಿಲ್ಲ. 48 ಗಂಟೆ ಎಂಬ ಎಚ್ಚರಿಕೆಗೆ ಅರ್ಥವಿರುವುದು ಇಲ್ಲಿ.

ಹಾಗಾಗಿ ಇಲ್ಲಿ ಉಪಾಯ ಬೇರೆ: ಕಾಯುವ ಹೊತ್ತನ್ನು ಕಡಿಮೆ ಮಾಡಲಾಗದಿದ್ದರೆ ಅದು ಯಾರಿಗೂ ಗೊತ್ತಾಗದಂತೆ ಮಾಡುವುದು. ಹಳೆಯ ನೇಮ್‌ಸರ್ವರಿನಲ್ಲಿರುವ ರೆಕಾರ್ಡುಗಳನ್ನೆಲ್ಲ ಹೊಸದಕ್ಕೆ ಯಥಾವತ್ತಾಗಿ ನಕಲಿಸಿ. ಎರಡನ್ನೂ ಡಿಗ್‌ನಿಂದ ಕೇಳಿ ತಾಳೆ ನೋಡಿ. ಆಮೇಲೆ ನೀವು ಡೊಮೇನ್ ಕೊಂಡ ರಿಜಿಸ್ಟ್ರಾರ್ ಬಳಿ ನೇಮ್‌ಸರ್ವರ್ ಬದಲಿಸಿ. ಯಾರು ಯಾವುದನ್ನು ಕೇಳಿದರೂ ಉತ್ತರ ಒಂದೇ ಆದ್ದರಿಂದ ವ್ಯತ್ಯಾಸ ಕಾಣುವುದಿಲ್ಲ. ಹಳೆಯ ಜೋನ್ ಒಳಗಿನ ಎನ್‌ಎಸ್ ರೆಕಾರ್ಡನ್ನೂ ಹೊಸ ನೇಮ್‌ಸರ್ವರಿನ ಹೆಸರಿಗೆ ಬದಲಿಸಲು ಸಾಧ್ಯವಾದರೆ ಬದಲಿಸಿ. ಕೆಲವು ರಿಸಾಲ್ವರ್‌ಗಳು ಮೇಲಿನವರನ್ನು ಬಿಟ್ಟು ಹಳೆಯ ನೇಮ್‌ಸರ್ವರ್ ಹೇಳಿದ್ದನ್ನೇ ನಂಬಿ ಅಲ್ಲಿಗೇ ತಿರುಗಿ ಹೋಗುತ್ತಿರುತ್ತವೆ. ಐಪಿ ಬದಲಾವಣೆ, ನೇಮ್‌ಸರ್ವರ್ ಬದಲಾವಣೆ ಎರಡನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ತಿಳಿಯುವುದೇ ಇಲ್ಲ.

ಡಿಎನ್‌ಎಸ್‌ಎಸ್‌ಇಸಿ (ಡಿಎನ್‌ಎಸ್ ಉತ್ತರಗಳು ನಕಲಿಯಲ್ಲವೆಂದು ತೋರಿಸಲು ಸಹಿ ಹಾಕುವ ವ್ಯವಸ್ಥೆ) ಇದ್ದರೆ ಇನ್ನೂ ಜೋಪಾನ. ಜೋನ್‌ಗೆ ಹಾಕಿದ ಸಹಿ ನಿಜವೆಂದು ಸಾರುವ ಡಿಎಸ್ ರೆಕಾರ್ಡ್ ಕೂಡ ಮೇಲಿನವರ ಬಳಿ ಇರುತ್ತದೆ. ಅದನ್ನು ಹಾಗೇ ಬಿಟ್ಟು ಸಹಿಯಿಲ್ಲದ ಹೊಸ ನೇಮ್‌ಸರ್ವರಿಗೆ ಹೋದರೆ, ಸಹಿ ಪರಿಶೀಲಿಸುವ ರಿಸಾಲ್ವರ್‌ಗಳು ಹಳೆಯ ಉತ್ತರವನ್ನೂ ಕೊಡುವುದಿಲ್ಲ, ಹೊಸದನ್ನೂ ಕೊಡುವುದಿಲ್ಲ. 'ಸರ್ವ್‌ಫೇಲ್' ಎಂದು ಬಾಗಿಲು ಹಾಕಿಕೊಳ್ಳುತ್ತವೆ. ಮೊದಲು ಡಿಎಸ್ ತೆಗೆಸಿ, ಅದರ ಟಿಟಿಎಲ್ ಪೂರ್ತಿ ಕಳೆಯಲಿ, ಆಮೇಲೆ ಸ್ಥಳಾಂತರ. ಡಾಟ್‌ಕಾಮ್‌ನಲ್ಲಿ ಅದು ಒಂದು ದಿನ. ದೊಡ್ಡವರೂ ಇಲ್ಲಿ ಎಡವಿದ್ದಾರೆ. 2021ರ ಸೆಪ್ಟೆಂಬರ್ 30ರಂದು ಕಚೇರಿಗಳ ಸಂದೇಶ ಸೇವೆ ನಡೆಸುವ ಸ್ಲ್ಯಾಕ್ ಸಂಸ್ಥೆ ಡಿಎನ್‌ಎಸ್‌ಎಸ್‌ಇಸಿ ಚಾಲೂ ಮಾಡಿ, ತೊಂದರೆ ಕಂಡು ಡಿಎಸ್ ರೆಕಾರ್ಡನ್ನು ತೆಗೆಸಿತು. ಆದರೆ ಅದು ಆಗಲೇ ರಿಸಾಲ್ವರ್‌ಗಳ ಕ್ಯಾಶಿನಲ್ಲಿತ್ತು. ಕ್ಯಾಶ್ ಖಾಲಿ ಮಾಡಿ ಎಂದು ಇಂಟರ್‌ನೆಟ್ ಸೇವೆ ಕೊಡುವವರನ್ನು ಕೇಳಿಕೊಳ್ಳುವುದು, ಇಲ್ಲವೇ 24 ಗಂಟೆ ಕಳೆಯುವುದು, ಅಷ್ಟೇ ದಾರಿ ಉಳಿದಿತ್ತು.

ಹೊಸ ಹೆಸರಾದರೆ ಮೊದಲೇ ಇಣುಕಬೇಡಿ

ಒಂದು ಹೊಸ ಉಪಡೊಮೇನ್ ಸೇರಿಸಬೇಕಿತ್ತು. ರೆಕಾರ್ಡ್ ಸೇರಿಸುವ ಮೊದಲೇ 'ಬಂತೇ' ಎಂದು ಬ್ರೌಸರಿನಲ್ಲಿ ನೋಡಿದೆ. ಇಲ್ಲ ಎಂದಿತು. ಸೇರಿಸಿದೆ. ಆಮೇಲೂ ಇಲ್ಲ ಎಂದಿತು. ಒಂದು ಗಂಟೆ ಹಾಗೇ! ಹಳೆಯ ಉತ್ತರವೇ ಇಲ್ಲದ ಹೆಸರಿಗೆ ಕಾಯುವುದೆಂಥದು ಎಂದು ಕೇಳಬಹುದು. 'ಇಲ್ಲ' ಎಂಬುದೂ ಒಂದು ಉತ್ತರವೇ, ಅದನ್ನೂ ಕ್ಯಾಶಿನಲ್ಲಿ ಇಡುತ್ತಾರೆ. ಎಷ್ಟು ಹೊತ್ತು ಎಂಬುದು ಎಸ್‌ಒಎ ರೆಕಾರ್ಡಿನ ಕೊನೆಯ ಅಂಕಿ ಮತ್ತು ಆ ರೆಕಾರ್ಡಿನ ಟಿಟಿಎಲ್, ಇವೆರಡರಲ್ಲಿ ಚಿಕ್ಕದು. 1998ರ ಆರ್‌ಎಫ್‌ಸಿ 2308 ಈ ನಿಯಮ ಮಾಡಿತು. ನನ್ನ ಜೋನ್‌ನಲ್ಲಿ ಅದು 3600 ಇತ್ತು. ಅಂದಿನಿಂದ ಮೊದಲು ರೆಕಾರ್ಡ್ ಸೇರಿಸಿ, ನೇಮ್‌ಸರ್ವರನ್ನೇ ನೇರವಾಗಿ ಕೇಳಿ, ಆಮೇಲೆ ಬ್ರೌಸರ್ ಮುಟ್ಟುತ್ತೇನೆ.

ಇಮೇಲ್

ಡೊಮೇನಿನ ಇಮೇಲ್ ಯಾವ ಸರ್ವರಿಗೆ ಬರಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡಿಗೂ ಇದೇ ಲೆಕ್ಕ, ಆದರೆ ಆತಂಕ ಕಡಿಮೆ. ತಲುಪಿಸಲಾಗದ ಪತ್ರವನ್ನು ಕಳುಹಿಸುವ ಸರ್ವರ್ ಸರದಿಯಲ್ಲಿಟ್ಟು ಮತ್ತೆ ಮತ್ತೆ ಯತ್ನಿಸುತ್ತದೆ. ಕನಿಷ್ಠ ನಾಲ್ಕೈದು ದಿನ ಬಿಡದೆ ಯತ್ನಿಸಬೇಕೆಂದು ಆರ್‌ಎಫ್‌ಸಿ 5321 ಹೇಳುತ್ತದೆ. ಅಪಾಯ ಹಳೆಯ ಸರ್ವರ್ ಪತ್ರವನ್ನು ಒಪ್ಪಿಕೊಂಡುಬಿಡುವುದರಲ್ಲಿದೆ. ಕಳಿಸಿದವರಿಗೆ ತಲುಪಿದ ಸಮಾಧಾನ, ನಿಮಗೆ ಪತ್ರವಿಲ್ಲ. ಹಳೆಯ ಪೆಟ್ಟಿಗೆಯನ್ನು ಒಂದು ವಾರ ತೆರೆದು ನೋಡುತ್ತಿರಿ. ಎಸ್‌ಪಿಎಫ್ ಸಾಲಿನಲ್ಲಿ (ನಿಮ್ಮ ಹೆಸರಿನಲ್ಲಿ ಯಾವ ಸರ್ವರುಗಳು ಪತ್ರ ಕಳಿಸಬಹುದೆಂಬ ಪಟ್ಟಿ) ಹೊಸ ಸರ್ವರನ್ನು ಮೊದಲೇ ಸೇರಿಸಿ, ಹಳೆಯದನ್ನು ಕೊನೆಗೆ ತೆಗೆಯಿರಿ.

ಕೊನೆಯ ಹೆಜ್ಜೆ: ಹಳೆಯ ಸರ್ವರನ್ನು ಯಾವಾಗ ಆರಿಸಬೇಕು

ಟಿಟಿಎಲ್ ಮುಗಿದ ಕೂಡಲೇ ಅಲ್ಲ. ಟಿಟಿಎಲ್‌ಗೆ ಕಿವಿಗೊಡದವರೂ ಇದ್ದಾರೆ. ಎನ್‌ಜಿನೆಕ್ಸ್ ಎಂಬ ವೆಬ್ ಸರ್ವರನ್ನು ಪ್ರಾಕ್ಸಿಯಾಗಿ, ಅಂದರೆ ಬಂದದ್ದನ್ನು ಹಿಂದಿನ ಸರ್ವರಿಗೆ ದಾಟಿಸುವ ಮಧ್ಯವರ್ತಿಯಾಗಿ, ಇಟ್ಟವರು ಅಲ್ಲಿ ಸರ್ವರಿನ ಹೆಸರು ಬರೆದಿದ್ದರೆ, ಮಾಮೂಲಿ ಸಂರಚನೆಯಲ್ಲಿ ಅದು ಆರಂಭದಲ್ಲಿ ಒಮ್ಮೆ ವಿಳಾಸ ಕೇಳಿಕೊಂಡು, ರೀಲೋಡ್ ಮಾಡುವ ತನಕ ಅದನ್ನೇ ಹಿಡಿದಿರುತ್ತದೆ. ಸೆಕ್ಯುರಿಟಿ ಮ್ಯಾನೇಜರ್ ಹಾಕಿಕೊಂಡು ಓಡುವ ಹಳೆಯ ಜಾವಾ ಪ್ರೋಗ್ರಾಮುಗಳು ಒಮ್ಮೆ ಕಂಡ ವಿಳಾಸವನ್ನು ಮುಚ್ಚುವ ತನಕ ಮರೆಯುವುದಿಲ್ಲ. ಐಪಿಯನ್ನೇ ನೇರವಾಗಿ ಕೋಡಿನಲ್ಲಿ ಬರೆದಿಟ್ಟವರ ಮಾತಂತೂ ಬೇಡ.

ಜನ ಬರೆಯುವ ಸೈಟಾದರೆ, ಅಂದರೆ ಆರ್ಡರು, ಟಿಪ್ಪಣಿ, ನೋಂದಣಿ ಇರುವಂಥದ್ದಾದರೆ, ಕೆಲವರು ಹಳೆಯದರಲ್ಲಿ, ಕೆಲವರು ಹೊಸದರಲ್ಲಿ ಬರೆದು ಮಾಹಿತಿ ಇಬ್ಭಾಗವಾಗುತ್ತದೆ. ಅದಕ್ಕೆ ನನಗೆ ಹಿಡಿಸಿದ ಉಪಾಯ, ಬದಲಾಯಿಸಿದ ಕ್ಷಣದಿಂದ ಹಳೆಯ ಸರ್ವರನ್ನು ಬರೀ ಪ್ರಾಕ್ಸಿಯಾಗಿಸಿ, ತನಗೆ ಬಂದದ್ದನ್ನೆಲ್ಲ ಹೊಸದಕ್ಕೆ ದಾಟಿಸುವಂತೆ ಮಾಡುವುದು. ಆಗ ಯಾರು ಯಾವ ಐಪಿಗೆ ಬಂದರೂ ತಲುಪುವುದು ಒಂದೇ ಡೇಟಾಬೇಸಿಗೆ.

ಆಮೇಲೆ ಹಳೆಯ ಸರ್ವರಿನ ಆಕ್ಸೆಸ್ ಲಾಗ್ ನೋಡುತ್ತಿರಿ. ಮೊದಲ ಗಂಟೆಯಲ್ಲಿ ಸಾಲುಗಳು ತಟ್ಟನೆ ತೆಳುವಾಗುತ್ತವೆ, ಆಮೇಲೆ ತೊಟ್ಟಿಕ್ಕುತ್ತವೆ. ಕೊನೆಗೆ ಉಳಿಯುವುದು ಬಾಟ್‌ಗಳು, ಐಪಿಯನ್ನೇ ಜಾಲಾಡುವ ಸ್ಕ್ಯಾನರುಗಳು. ನಿಜವಾದ ಜನರ ಸಾಲು ಒಂದು ವಾರದಿಂದ ಕಂಡಿಲ್ಲ ಎನಿಸಿದಾಗ ಆರಿಸಿ. 300ಕ್ಕೆ ಇಳಿಸಿದ್ದ ಟಿಟಿಎಲ್ ಅನ್ನು ಅದೇ ದಿನ 3600ಕ್ಕೋ 86400ಕ್ಕೋ ಏರಿಸಿಬಿಡಿ. ಐದೇ ನಿಮಿಷದ ಚೀಟಿ ಹಂಚುತ್ತಿದ್ದರೆ, ನೇಮ್‌ಸರ್ವರ್ ಒಂದು ಹತ್ತು ನಿಮಿಷ ಮಲಗಿದರೂ ನಿಮ್ಮ ಸೈಟಿನ ವಿಳಾಸ ಎಲ್ಲರ ಜೇಬಿನಿಂದಲೂ ಮಾಯ.